ತೋಟದ ಗಾಳಿಯಲ್ಲೂ ಸರದಿ ಬೇಕು: ಸಾಧನದಿಂದ ಸಾಧನಕ್ಕೆ ನೇರ ಸ್ಥಾನ ನಿರ್ಣಯದಲ್ಲಿ ರೇಡಿಯೊ ಚಾನಲ್ ದಟ್ಟಣೆಯ ನಿರ್ವಹಣೆ

ಪೀಠಿಕೆ

ಶಿವಮೊಗ್ಗ ಮತ್ತು ಭದ್ರಾವತಿ ಭಾಗದ ರೈತರಿಗೆ ‘ಚಾನಲ್’ ಎಂದೊಡನೆ ನೆನಪಾಗುವುದು ನೀರಿನ ನಾಲೆ. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಹೊರಡುವ ನಾಲೆಯಾಗಲಿ, ಗಾಜನೂರಿನ ತುಂಗಾ ಅಣೆಕಟ್ಟೆಯಿಂದ ಹೊರಡುವ ನಾಲೆಯಾಗಲಿ, ಆಡುಮಾತಿನಲ್ಲಿ ಅದು ಚಾನಲ್ಲೇ. ನಾಲೆಯ ಆರಂಭದಲ್ಲಿರುವವರು ತೂಬುಗಳನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ತೆರೆದಿಟ್ಟರೆ ಕೊನೆಯ ಭಾಗದ ಜಮೀನಿಗೆ ನೀರು ತಲುಪುವುದಿಲ್ಲ ಎಂಬುದನ್ನು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ಆದ್ದರಿಂದಲೇ ನೀರಾವರಿ ಸಲಹಾ ಸಮಿತಿಯು ನೀರು ಹರಿಸುವ ಮತ್ತು ನಿಲ್ಲಿಸುವ ದಿನಗಳನ್ನು ನಿಗದಿಪಡಿಸುತ್ತದೆ. ನೀರುಗಂಟಿಗಳು ಸರದಿಯನ್ನು ಕಾಯುತ್ತಾರೆ.

ನಿಸ್ತಂತು ತಂತ್ರಜ್ಞಾನದಲ್ಲಿಯೂ ‘ಚಾನಲ್’ ಎಂಬ ಪದವೇ ಬಳಕೆಯಲ್ಲಿದೆ. ಅಲ್ಲಿ ಹರಿಯುವುದು ನೀರಲ್ಲ, ರೇಡಿಯೊ ಸಂಕೇತ. ಆದರೆ ಸಮಸ್ಯೆಯ ಸ್ವರೂಪ ಒಂದೇ: ಚಾನಲ್ಲಿನ ಸಾಮರ್ಥ್ಯ ಸೀಮಿತ, ಬಳಸುವವರು ಹಲವರು, ಸರದಿ ಇಲ್ಲದಿದ್ದರೆ ಎಲ್ಲರಿಗೂ ನಷ್ಟ. ಸಿಂಪರಣಾ ಡ್ರೋನ್, ಉಪಗ್ರಹ ಆಧಾರಿತ ಅಳತೆ ಉಪಕರಣ, ಮಣ್ಣಿನ ತೇವಾಂಶ ಸಂವೇದಕ, ಜಾನುವಾರುಗಳ ಕೊರಳ ಪಟ್ಟಿ ಮುಂತಾದ ರೇಡಿಯೊ ಸಾಧನಗಳು ಕೃಷಿಗೆ ಬರುತ್ತಿರುವ ಈ ದಿನಗಳಲ್ಲಿ ಗಾಳಿಯಲ್ಲಿನ ಈ ಅದೃಶ್ಯ ಚಾನಲ್ಲಿನ ನಿರ್ವಹಣೆಯನ್ನು ಅರಿಯುವುದು ಅವಶ್ಯಕ. ಮುಖ್ಯವಾಗಿ, ಸಾಧನಗಳು ಒಂದರೊಡನೊಂದು ನೇರವಾಗಿ ಸಂಕೇತ ವಿನಿಮಯ ಮಾಡಿಕೊಂಡು ಸ್ಥಾನವನ್ನು ಗುರುತಿಸುವಾಗ ದಟ್ಟಣೆಯು ಸ್ಥಾನವನ್ನೇ ತಪ್ಪಿಸಬಲ್ಲದು. ಅದು ಹೇಗೆ, ಅದನ್ನು ತಡೆಯುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನೇರ ಸ್ಥಾನ ನಿರ್ಣಯ ಏಕೆ ಬೇಕು?

ತೆರೆದ ಗದ್ದೆಯಲ್ಲಿ ಜಿಪಿಎಸ್ ಉಪಗ್ರಹಗಳ ಸಂಕೇತ ಸುಲಭವಾಗಿ ದೊರೆಯುತ್ತದೆ. ಸಾಮಾನ್ಯ ಮೊಬೈಲ್ ಫೋನ್ ಕೆಲವು ಮೀಟರ್‌ಗಳ ತಪ್ಪಿನೊಳಗೆ ಸ್ಥಾನವನ್ನು ತೋರಿಸುತ್ತದೆ. ಆದರೆ ಅಡಿಕೆ ತೋಟದೊಳಗೆ ಸ್ಥಿತಿ ಬೇರೆ. ದಟ್ಟವಾದ ಸೋಗೆಯ ಚಪ್ಪರವು ಉಪಗ್ರಹದ ದುರ್ಬಲ ಸಂಕೇತವನ್ನು ಇನ್ನಷ್ಟು ಕುಂದಿಸುತ್ತದೆ. ಕಾಂಡ ಮತ್ತು ಎಲೆಗಳಿಗೆ ತಾಗಿ ಬರುವ ಸಂಕೇತ ದಾರಿ ಬದಲಿಸಿ ತಡವಾಗಿ ತಲುಪುತ್ತದೆ.

ಅಡಿಕೆಗೆ ಶಿಫಾರಸು ಮಾಡಿರುವ ಅಂತರ 2.7 ಮೀ. × 2.7 ಮೀ., ಅಂದರೆ ರೈತರ ಲೆಕ್ಕದಲ್ಲಿ 9 ಅಡಿ × 9 ಅಡಿ. ಎಕರೆಗೆ ಸುಮಾರು 550 ಮರಗಳು. ಒಂದು ಮರವನ್ನು ಪಕ್ಕದ ಮರದಿಂದ ಬೇರ್ಪಡಿಸಿ ಗುರುತಿಸಬೇಕಾದರೆ ಸ್ಥಾನದ ತಪ್ಪು 1.35 ಮೀಟರ್‌ಗಿಂತ ಕಡಿಮೆ ಇರಬೇಕು. ಅಣಬೆ ರೋಗ ತಗುಲಿದ ಮರವನ್ನು ಗುರುತಿಸಿ ಅದರ ಸುತ್ತ ಕಂದಕ ತೆಗೆದು ಬೇರ್ಪಡಿಸುವ ಸಂದರ್ಭವನ್ನು ಗಮನಿಸಬಹುದು. ಗುರುತು ಒಂದು ಸಾಲು ಆಚೆ ಬಿದ್ದರೆ ಕಂದಕ ಆರೋಗ್ಯವಂತ ಮರದ ಸುತ್ತ ಬೀಳುತ್ತದೆ. ರೋಗದ ಮರ ಹಾಗೆಯೇ ಉಳಿದು ಬೇರಿನ ಮೂಲಕ ನೆರೆಯ ಮರಗಳಿಗೆ ಸೋಂಕನ್ನು ಹರಡುತ್ತದೆ. ಎಲೆಚುಕ್ಕೆ ರೋಗದ ಸಮೀಕ್ಷೆಯಲ್ಲಿಯೂ ಮೊದಲ ಬಾರಿ ಕಂಡ ಮರವನ್ನು ಮತ್ತೆ ಅದೇ ಮರವೆಂದು ಗುರುತಿಸಲಾಗದಿದ್ದರೆ ಎರಡನೆಯ ಭೇಟಿಯ ದಾಖಲೆಗೆ ಬೆಲೆ ಇರುವುದಿಲ್ಲ.

ಇಂತಹ ಕಡೆ ಆಕಾಶದ ಉಪಗ್ರಹದ ಬದಲು ತೋಟದಲ್ಲಿಯೇ ನೆಟ್ಟ ಕೆಲವು ಗೂಟಗಳ ಮೇಲಿನ ರೇಡಿಯೊ ಸಾಧನಗಳನ್ನು ಆಧಾರವಾಗಿ ಬಳಸಬಹುದು. ಅವುಗಳ ಸ್ಥಾನ ಮೊದಲೇ ಗೊತ್ತಿರುತ್ತದೆ. ಚಲಿಸುವ ಸಾಧನವು ಮೂರು ಅಥವಾ ನಾಲ್ಕು ಗೂಟಗಳಿಂದ ತನಗಿರುವ ದೂರವನ್ನು ಅಳೆದುಕೊಂಡು ತನ್ನ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಮೊಬೈಲ್ ಗೋಪುರದ ನೆರವಿಲ್ಲದೆ ಸಾಧನಗಳೇ ಪರಸ್ಪರ ಮಾತನಾಡುವುದರಿಂದ ಇದನ್ನು ಸಾಧನದಿಂದ ಸಾಧನಕ್ಕೆ ನೇರ ಸ್ಥಾನ ನಿರ್ಣಯ ಎನ್ನುತ್ತಾರೆ. ಗಾಡಿಗಳು ಹಾಗೂ ಕಾರ್ಖಾನೆಗಳಿಗಾಗಿ ಬೆಳೆದ ಈ ವಿಧಾನ ಕೃಷಿಯಲ್ಲಿ ಇನ್ನೂ ಆರಂಭದ ಹಂತದಲ್ಲಿದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಎರಡು ಎಕರೆ ತೋಟದ ರೈತರಿಗೆ ಮರದ ಕಾಂಡಕ್ಕೆ ಬಳಿದ ಬಣ್ಣದ ಗುರುತೇ ಸಾಕು. ಅದಕ್ಕಿಂತ ಅಗ್ಗದ ಮತ್ತು ಖಚಿತವಾದ ವಿಧಾನ ಬೇರೆ ಇಲ್ಲ. ರೈತ ಉತ್ಪಾದಕ ಸಂಸ್ಥೆ, ಬಾಡಿಗೆ ಯಂತ್ರ ಕೇಂದ್ರ ಅಥವಾ ಹಲವು ತೋಟಗಳಲ್ಲಿ ರೋಗ ಸಮೀಕ್ಷೆ ನಡೆಸುವ ತಂಡಗಳು ಇಂತಹ ಉಪಕರಣಗಳನ್ನು ಬಳಸಲು ಯೋಚಿಸುವಾಗ ಮುಂದಿನ ವಿವರಗಳು ನೆರವಾಗುತ್ತವೆ.

ಕಾಲದಿಂದ ದೂರವನ್ನು ಅಳೆಯುವ ಕ್ರಮ

ರೇಡಿಯೊ ಸಂಕೇತವು ಬೆಳಕಿನ ವೇಗದಲ್ಲಿ ಚಲಿಸುತ್ತದೆ. ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ, ಅದು ಸುಮಾರು 30 ಸೆಂ.ಮೀ. ದೂರ ಸಾಗುತ್ತದೆ. ಮೊದಲ ಸಾಧನ ಸಂಕೇತ ಕಳುಹಿಸುತ್ತದೆ. ಎರಡನೆಯದು ಅದನ್ನು ಪಡೆದು, ಸ್ವಲ್ಪ ಕಾಲದ ನಂತರ ಉತ್ತರ ಕಳುಹಿಸುತ್ತದೆ. ಹೋಗಿ ಬಂದ ಒಟ್ಟು ಕಾಲದಿಂದ ಉತ್ತರಕ್ಕೆ ಹಿಡಿದ ಕಾಲವನ್ನು ಕಳೆದು, ಉಳಿದುದರ ಅರ್ಧವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ದೊರೆಯುತ್ತದೆ. ಕಣಿವೆಯಲ್ಲಿ ಕೂಗಿ ಪ್ರತಿಧ್ವನಿಯ ಕಾಲದಿಂದ ಗುಡ್ಡದ ದೂರವನ್ನು ಅಂದಾಜು ಮಾಡುವಂತೆಯೇ ಇದು.

ಅಡಿಕೆ ಸಾಲಿನ ಅರ್ಧ ಅಂತರವಾದ 1.35 ಮೀಟರ್ ಎಂದರೆ ಕೇವಲ 4.5 ನ್ಯಾನೊಸೆಕೆಂಡ್. ಇಷ್ಟು ಸೂಕ್ಷ್ಮವಾದ ಕಾಲವನ್ನು ಅಳೆಯಲು ಎರಡು ಅಂಶಗಳು ಬೇಕು. ಮೊದಲನೆಯದು ಅಗಲವಾದ ಆವರ್ತನ ಪಟ್ಟಿ; ಪಟ್ಟಿ ಅಗಲವಾದಷ್ಟೂ ಸಂಕೇತ ಬಂದ ಕ್ಷಣವನ್ನು ಹೆಚ್ಚು ನಿಖರವಾಗಿ ಗುರುತಿಸಬಹುದು. ಎರಡನೆಯದು ಸ್ವಚ್ಛವಾದ, ಬೇರೆ ಸಂಕೇತ ಬೆರೆಯದ ಕ್ಷಣ. ದಟ್ಟಣೆ ಹಾಳು ಮಾಡುವುದು ಈ ಎರಡನೆಯ ಅಂಶವನ್ನು.

ದಟ್ಟಣೆ ಹೇಗೆ ಉಂಟಾಗುತ್ತದೆ?

ಒಂದು ತೋಟದಲ್ಲಿ 20 ಸಾಧನಗಳಿವೆ ಎಂದು ಭಾವಿಸೋಣ. ಪ್ರತಿಯೊಂದೂ ಉಳಿದ ಎಲ್ಲದರೊಂದಿಗೆ ದೂರವನ್ನು ಅಳೆಯಬೇಕೆಂದರೆ 20 × 19 ÷ 2 = 190 ಜೋಡಿಗಳಾಗುತ್ತವೆ. ಪ್ರತಿ ಜೋಡಿಗೆ ಪ್ರಶ್ನೆ ಮತ್ತು ಉತ್ತರ ಸೇರಿ 2 ಸಂದೇಶಗಳಂತೆ ಒಂದು ಸುತ್ತಿಗೆ 380 ಸಂದೇಶಗಳು. ಸೆಕೆಂಡಿಗೆ 10 ಬಾರಿ ಅಳೆದರೆ 3,800 ಸಂದೇಶಗಳು. ಪ್ರತಿ ಸಂದೇಶವು ಅರ್ಧ ಮಿಲಿಸೆಕೆಂಡ್ ಕಾಲ ಗಾಳಿಯನ್ನು ಆಕ್ರಮಿಸಿದರೆ ಒಟ್ಟು 1,900 ಮಿಲಿಸೆಕೆಂಡ್ ಬೇಕು. ಆದರೆ ಒಂದು ಸೆಕೆಂಡಿನಲ್ಲಿರುವುದು 1,000 ಮಿಲಿಸೆಕೆಂಡ್ ಮಾತ್ರ. ಅಂದರೆ ಈ ವ್ಯವಸ್ಥೆ ಆರಂಭದಲ್ಲಿಯೇ ಅಸಾಧ್ಯ. ಸಾಧನಗಳ ಸಂಖ್ಯೆ ಎರಡು ಪಟ್ಟಾದರೆ ಜೋಡಿಗಳ ಸಂಖ್ಯೆ ಸುಮಾರು ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಗಮನದಲ್ಲಿಡಬೇಕು.

ಅಳತೆಯನ್ನು ಸೆಕೆಂಡಿಗೆ ಒಂದು ಬಾರಿಗೆ ಇಳಿಸಿದರೆ ಬೇಕಾಗುವ ಕಾಲ 190 ಮಿಲಿಸೆಕೆಂಡ್, ಅಂದರೆ ಚಾನಲ್ಲಿನ ಶೇ. 19 ಭಾಗ ಮಾತ್ರ. ಇದು ಸಾಕಷ್ಟು ಕಡಿಮೆ ಎನಿಸಬಹುದು. ಆದರೆ ಸರದಿ ಇಲ್ಲದೆ, ತನಗೆ ತೋಚಿದಾಗ ಪ್ರತಿ ಸಾಧನ ಸಂಕೇತ ಕಳುಹಿಸಿದರೆ ಈ ಹಂತದಲ್ಲಿಯೇ 100 ಸಂದೇಶಗಳಲ್ಲಿ ಸುಮಾರು 32 ಬೇರೆ ಸಂದೇಶದೊಂದಿಗೆ ಘರ್ಷಿಸುತ್ತವೆ. ಒಂದು ಅಳತೆ ಪೂರ್ಣಗೊಳ್ಳಲು ಪ್ರಶ್ನೆ ಮತ್ತು ಉತ್ತರ ಎರಡೂ ತಲುಪಬೇಕಾದ್ದರಿಂದ ಅರ್ಧಕ್ಕಿಂತ ಹೆಚ್ಚು ಅಳತೆಗಳು ವಿಫಲವಾಗುತ್ತವೆ. ವಿಫಲವಾದುದನ್ನು ಸಾಧನಗಳು ಮತ್ತೆ ಕಳುಹಿಸುತ್ತವೆ. ದಟ್ಟಣೆ ಮತ್ತೂ ಏರುತ್ತದೆ.

ಈ ಲೆಕ್ಕಾಚಾರದ ಮೂಲ 1970ರ ದಶಕದ ಆರಂಭದಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ರೇಡಿಯೊ ಮೂಲಕ ಗಣಕಯಂತ್ರಗಳನ್ನು ಜೋಡಿಸಿದ ‘ಅಲೋಹ’ ಜಾಲದಲ್ಲಿದೆ. ಯಾರು ಬೇಕಾದರೂ ಯಾವಾಗ ಬೇಕಾದರೂ ಮಾತನಾಡುವ ಚಾನಲ್ಲಿನಲ್ಲಿ ಅತ್ಯುತ್ತಮ ಸ್ಥಿತಿಯಲ್ಲಿಯೂ ಶೇ. 18.4ರಷ್ಟು ಕಾಲ ಮಾತ್ರ ಉಪಯುಕ್ತವಾಗುತ್ತದೆ ಎಂದು ಲೆಕ್ಕವು ತೋರಿಸುತ್ತದೆ. ಎಲ್ಲರೂ ನಿಗದಿತ ಕಾಲಖಂಡದ ಆರಂಭದಲ್ಲಿಯೇ ಮಾತನಾಡಬೇಕೆಂಬ ಒಂದೇ ನಿಯಮವನ್ನು ಸೇರಿಸಿದರೆ ಅದು ಶೇ. 36.8ಕ್ಕೆ, ಅಂದರೆ ಎರಡು ಪಟ್ಟಿಗೆ ಏರುತ್ತದೆ. ಶಿಸ್ತಿನಿಂದ ದೊರೆಯುವ ಲಾಭ ಎಷ್ಟೆಂಬುದಕ್ಕೆ ಇದೇ ಸಾಕ್ಷಿ.

ತೋಟದಲ್ಲಿ ಮತ್ತೊಂದು ತೊಡಕಿದೆ. ತೋಟದ ಎರಡು ತುದಿಗಳಲ್ಲಿರುವ ಸಾಧನಗಳಿಗೆ ಸೋಗೆ ಹಾಗೂ ಕಾಂಡಗಳ ಮರೆಯಿಂದ ಪರಸ್ಪರ ಸಂಕೇತ ಕೇಳಿಸುವುದಿಲ್ಲ. ಎರಡೂ ‘ಚಾನಲ್ ಖಾಲಿ ಇದೆ’ ಎಂದು ಭಾವಿಸಿ ಒಮ್ಮೆಗೇ ಸಂಕೇತ ಕಳುಹಿಸುತ್ತವೆ. ಮಧ್ಯದಲ್ಲಿರುವ ಸಾಧನಕ್ಕೆ ಎರಡೂ ಬೆರೆತು ತಲುಪುತ್ತವೆ. ಒಬ್ಬರಿಗೊಬ್ಬರು ಕಾಣದ ಇಬ್ಬರು ರೈತರು ಒಂದೇ ಕಾಲುವೆಯ ಎರಡು ತೂಬುಗಳನ್ನು ಏಕಕಾಲಕ್ಕೆ ಎತ್ತಿದಂತೆ ಇದು. ಇಬ್ಬರ ತಪ್ಪೂ ಇಲ್ಲ. ಇಬ್ಬರನ್ನೂ ಕಾಣಬಲ್ಲ ನೀರುಗಂಟಿಯ ಕೊರತೆ ಇದೆ.

ದಟ್ಟಣೆಯಿಂದ ಸ್ಥಾನ ತಪ್ಪುವ ಬಗೆ

ಸಾಮಾನ್ಯ ಸಂದೇಶವಾದರೆ ದಟ್ಟಣೆಯಿಂದ ಆಗುವುದು ವಿಳಂಬ ಮಾತ್ರ. ಮಣ್ಣಿನ ತೇವಾಂಶದ ಮಾಹಿತಿ ಹತ್ತು ನಿಮಿಷ ತಡವಾಗಿ ಬಂದರೂ ತೊಂದರೆ ಇಲ್ಲ. ಆದರೆ ಸ್ಥಾನ ನಿರ್ಣಯದಲ್ಲಿ ದಟ್ಟಣೆಯು ಮೂರು ಬಗೆಯಲ್ಲಿ ತಪ್ಪು ಉತ್ತರವನ್ನೇ ಕೊಡಬಲ್ಲದು.

1. ಹಳೆಯ ಅಳತೆ: ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಸಾಗುವ ಡ್ರೋನಿನ ಸ್ಥಾನ ಒಂದು ಸೆಕೆಂಡ್ ತಡವಾಗಿ ದೊರೆತರೆ, ಆ ವೇಳೆಗೆ ಅದು 5 ಮೀಟರ್ ಮುಂದೆ ಸಾಗಿರುತ್ತದೆ. ಬದುವಿನ ಆಚೆಗಿನ ನೆರೆಯವರ ಬೆಳೆ, ಮೀನಿನ ಹೊಂಡ ಅಥವಾ ಜೇನುಪೆಟ್ಟಿಗೆಗಳ ಮೇಲೆ ಔಷಧ ಬೀಳಲು ಇಷ್ಟು ಸಾಕು.

2. ಕಾಯುವಿಕೆಯಿಂದ ಬರುವ ತಪ್ಪು: ಪ್ರತಿ ಸಾಧನದ ಗಡಿಯಾರ ಸ್ವಲ್ಪ ಬೇರೆ ವೇಗದಲ್ಲಿ ಓಡುತ್ತದೆ. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷದಲ್ಲಿ ಹತ್ತು ಭಾಗದಷ್ಟು ವ್ಯತ್ಯಾಸವಿದೆ ಎನ್ನೋಣ. ಉತ್ತರಿಸುವ ಸಾಧನವು 1 ಮಿಲಿಸೆಕೆಂಡ್ ಕಾದರೆ ಲೆಕ್ಕದಲ್ಲಿ 10 ನ್ಯಾನೊಸೆಕೆಂಡ್ ತಪ್ಪು ಸೇರುತ್ತದೆ. ಅದರ ಅರ್ಧ 5 ನ್ಯಾನೊಸೆಕೆಂಡ್, ಅಂದರೆ 1.5 ಮೀಟರ್. ಚಾನಲ್ ತೆರವಾಗಲೆಂದು 4 ಮಿಲಿಸೆಕೆಂಡ್ ಕಾದರೆ ತಪ್ಪು 6 ಮೀಟರ್. ಅಡಿಕೆ ತೋಟದಲ್ಲಿ ಇದು ಎರಡು ಸಾಲುಗಳ ಅಂತರಕ್ಕಿಂತಲೂ ಹೆಚ್ಚು. ಮೂರನೆಯ ಸಂದೇಶವೊಂದನ್ನು ಸೇರಿಸಿ ಈ ತಪ್ಪನ್ನು ಬಹುಮಟ್ಟಿಗೆ ಕಳೆಯುವ ವಿಧಾನವಿದೆ. ಆದರೆ ಆ ಮೂರನೆಯ ಸಂದೇಶವೂ ಅದೇ ಚಾನಲ್ಲಿನಲ್ಲಿಯೇ ಹೋಗಬೇಕು.

3. ಬೆರೆತ ಸಂಕೇತ: ಎರಡು ಸಂಕೇತಗಳು ಭಾಗಶಃ ಬೆರೆತಾಗ ಸಂದೇಶವನ್ನು ಓದಲು ಸಾಧ್ಯವಾದರೂ ಅದು ತಲುಪಿದ ಕ್ಷಣವನ್ನು ತಪ್ಪಾಗಿ ಗುರುತಿಸುವ ಸಂಭವವಿದೆ. ಕಳೆದುಹೋದ ಅಳತೆಗಿಂತ ಇಂತಹ ಅಳತೆ ಹೆಚ್ಚು ಅಪಾಯಕಾರಿ. ಏಕೆಂದರೆ ಅದು ಸರಿಯಾದ ಅಳತೆಯಂತೆಯೇ ಕಾಣುತ್ತದೆ.

ನಿಯಂತ್ರಣದ ತತ್ತ್ವ: ಕೇಳು, ಲೆಕ್ಕ ಹಾಕು, ತಗ್ಗಿಸು

ಮೊಬೈಲ್ ತಂತ್ರಜ್ಞಾನದ ಜಾಗತಿಕ ಮಾನದಂಡಗಳನ್ನು ರೂಪಿಸುವ 3ಜಿಪಿಪಿ ಒಕ್ಕೂಟವು ಸಾಧನಗಳ ನಡುವಿನ ನೇರ ಸಂಪರ್ಕವನ್ನು ಮೊದಲು ತನ್ನ 12ನೇ ಆವೃತ್ತಿಯಲ್ಲಿ ಸೇರಿಸಿತು. ಮುಂದೆ ವಾಹನಗಳ ನಡುವಿನ ಸಂಪರ್ಕಕ್ಕಾಗಿ 14 ಮತ್ತು 16ನೇ ಆವೃತ್ತಿಗಳಲ್ಲಿ ಅದು ಬೆಳೆಯಿತು. 2024ರಲ್ಲಿ ಪೂರ್ಣಗೊಂಡ 18ನೇ ಆವೃತ್ತಿಯಲ್ಲಿ ಈ ನೇರ ಸಂಪರ್ಕದ ಮೂಲಕವೇ ಸ್ಥಾನವನ್ನು ನಿರ್ಣಯಿಸುವ ವಿಧಾನ ಮತ್ತು ಅದಕ್ಕೆಂದೇ ಮೀಸಲಾದ ಸಂಕೇತವನ್ನು ಸೇರಿಸಲಾಗಿದೆ. ಅಲ್ಲಿನ ದಟ್ಟಣೆ ನಿಯಂತ್ರಣದ ತತ್ತ್ವವು ಎಲ್ಲ ಬಗೆಯ ರೇಡಿಯೊ ಸಾಧನಗಳ ಬಳಕೆದಾರರೂ ತಿಳಿಯಬೇಕಾದುದು.

ಚಾನಲ್ ಎಷ್ಟು ತುಂಬಿದೆ: ಪ್ರತಿ ಸಾಧನವು ಮಾತನಾಡುವ ಮೊದಲು ಕೇಳಿಸಿಕೊಳ್ಳುತ್ತದೆ. ಹಿಂದಿನ ಸುಮಾರು 100 ಮಿಲಿಸೆಕೆಂಡ್ ಅಥವಾ 100 ಕಾಲಖಂಡಗಳಲ್ಲಿ ಎಷ್ಟು ಭಾಗದಲ್ಲಿ ಸಂಕೇತದ ಬಲ ನಿಗದಿತ ಮಟ್ಟವನ್ನು ಮೀರಿತ್ತು ಎಂದು ಎಣಿಸುತ್ತದೆ. ಇದೇ ಚಾನಲ್ಲಿನ ದಟ್ಟಣೆಯ ಪ್ರಮಾಣ. ನಾಲೆಯ ಬದಿಯಲ್ಲಿ ನೆಟ್ಟ ಅಳತೆ ಪಟ್ಟಿಯಲ್ಲಿ ನೀರಿನ ಮಟ್ಟವನ್ನು ಓದಿದಂತೆ.

ನನ್ನ ಪಾಲು ಎಷ್ಟು: ಸಾಧನವು ಸುಮಾರು 1,000 ಮಿಲಿಸೆಕೆಂಡ್ ಅವಧಿಯಲ್ಲಿ ತಾನು ಬಳಸಿದ ಮತ್ತು ಮುಂದೆ ಬಳಸಲು ಕಾಯ್ದಿರಿಸಿದ ಭಾಗವನ್ನು ಲೆಕ್ಕ ಹಾಕುತ್ತದೆ. ಇದು ತನ್ನ ತೂಬಿನಿಂದ ಹರಿದ ನೀರಿನ ಲೆಕ್ಕ.

ಯಾರ ಕೆಲಸ ತುರ್ತು: ಸಂದೇಶಗಳಿಗೆ 1ರಿಂದ 8ರವರೆಗೆ ಆದ್ಯತೆ ಇದ್ದು, 1 ಅತ್ಯಂತ ತುರ್ತಿನದು. ಚಾನಲ್ ತುಂಬಿದಂತೆ ಪ್ರತಿ ಆದ್ಯತೆಗೂ ಅನುಮತಿಸಿದ ಪಾಲಿನ ಮಿತಿ ಇಳಿಯುತ್ತದೆ; ಕಡಿಮೆ ಆದ್ಯತೆಯ ಸಂದೇಶಗಳಿಗೆ ಹೆಚ್ಚು ಇಳಿಸಬಹುದು. ನೀರು ಕಡಿಮೆ ಇದ್ದಾಗ ಹೊಡೆ ಹಂತದಲ್ಲಿರುವ ಭತ್ತಕ್ಕೆ ಮೊದಲು ನೀರು ಕೊಡುವ ನ್ಯಾಯವೇ ಇದು.

ಮರೆಯಲ್ಲಿರುವ ಸಾಧನಗಳ ಸಮಸ್ಯೆಗೂ 17ನೇ ಆವೃತ್ತಿಯಲ್ಲಿ ಉಪಾಯವಿದೆ. ಮಧ್ಯದಲ್ಲಿದ್ದು ಇಬ್ಬರನ್ನೂ ಕೇಳಬಲ್ಲ ಸಾಧನವು ಯಾವ ಕಾಲಖಂಡಗಳನ್ನು ಬಳಸಬಹುದು, ಯಾವುದನ್ನು ಬಿಡಬೇಕು ಎಂಬ ಮಾಹಿತಿಯನ್ನು ನೆರೆಯ ಸಾಧನಗಳಿಗೆ ಕೊಡುತ್ತದೆ. ಗಾಳಿಯ ನೀರುಗಂಟಿ ಎಂದರೆ ಇದೇ.

ಯಾವುದನ್ನು ಮೊದಲು ತಗ್ಗಿಸಬೇಕು?

ಪಾಲನ್ನು ತಗ್ಗಿಸಲು ಹಲವು ದಾರಿಗಳಿವೆ. ಆದರೆ ಸ್ಥಾನ ನಿರ್ಣಯದಲ್ಲಿ ತಪ್ಪಾದುದನ್ನು ಕಡಿತಗೊಳಿಸಿದರೆ ನಿಖರತೆಯೇ ಹೋಗುತ್ತದೆ. ಕೆಳಗಿನ ಕ್ರಮ ಸೂಕ್ತ.

1. ಅಳತೆಯ ಆವರ್ತನೆ: ಮೊದಲು ತಗ್ಗಿಸಬೇಕಾದುದು ಇದನ್ನೇ. ಅಡಿಕೆ ಮರ ನಡೆಯುವುದಿಲ್ಲ, ಗೂಟವೂ ನಡೆಯುವುದಿಲ್ಲ. ಗೂಟದಿಂದ ಗೂಟಕ್ಕೆ ಇರುವ ದೂರವನ್ನು ಸ್ಥಾಪಿಸುವಾಗ ಅಳೆದು, ಗೂಟ ಅಲುಗಾಡಿದ ಸಂದೇಹ ಬಂದಾಗ ಮಾತ್ರ ಮತ್ತೆ ಅಳೆದರೆ ಸಾಕು. ನಡೆದು ಸಮೀಕ್ಷೆ ಮಾಡುವವರಿಗೆ ಸೆಕೆಂಡಿಗೆ ಒಂದು ಅಳತೆ ಸಾಕು. ವೇಗವಾಗಿ ಚಲಿಸುವ ಯಂತ್ರಕ್ಕೆ ಮಾತ್ರ ಹೆಚ್ಚು ಬೇಕು.

2. ಪುನರಾವರ್ತನೆ: ಅದೇ ಸಂಕೇತವನ್ನು ಭದ್ರತೆಗಾಗಿ ಎರಡು ಮೂರು ಬಾರಿ ಕಳುಹಿಸುವುದನ್ನು ಕಡಿಮೆ ಮಾಡಬೇಕು.

3. ಜೋಡಿಗಳ ಸಂಖ್ಯೆ: ಎಲ್ಲ ಗೂಟಗಳ ಬದಲು ಹತ್ತಿರದ ಆರನ್ನು ಮಾತ್ರ ಬಳಸಬಹುದು. ಆದರೆ ಆ ಆರೂ ಒಂದೇ ಬದಿಯಲ್ಲಿರಬಾರದು, ಸುತ್ತಲೂ ಹರಡಿರಬೇಕು. ಜಮೀನನ್ನು ಸರಪಳಿಯಿಂದ ಅಳೆಯುವಾಗ ಒಂದೇ ಮೂಲೆಯಿಂದ ಅಳೆದರೆ ಅಂಕೆ ಸಿಗದು ಎಂಬ ತಿಳಿವಳಿಕೆಯೇ ಇಲ್ಲಿಯೂ ಅನ್ವಯಿಸುತ್ತದೆ.

4. ಪ್ರಸಾರ ಶಕ್ತಿ: ಹತ್ತಿರದ ಗೂಟಗಳಿಗೆ ತಲುಪುವಷ್ಟು ಶಕ್ತಿ ಸಾಕು. ಶಕ್ತಿ ತಗ್ಗಿದರೆ ತೋಟದ ಇನ್ನೊಂದು ತುದಿಯಲ್ಲಿ ಅದೇ ಕ್ಷಣವನ್ನು ಬೇರೆಯವರು ಬಳಸಬಹುದು.

5. ಆವರ್ತನ ಪಟ್ಟಿಯ ಅಗಲ: ಇದನ್ನು ಕೊನೆಗೆ ಮಾತ್ರ ಮುಟ್ಟಬೇಕು. ಅಗಲ ಕಡಿಮೆಯಾದರೆ ದೂರದ ನಿಖರತೆ ನೇರವಾಗಿ ಕುಸಿಯುತ್ತದೆ.

ಮೇಲಿನ ಉದಾಹರಣೆಗೆ ಈ ಕ್ರಮವನ್ನು ಅನ್ವಯಿಸೋಣ. 20 ಸಾಧನಗಳಲ್ಲಿ 16 ಗೂಟಗಳು. ಉಳಿದ 4ರಲ್ಲಿ ಮೂವರು ನಡೆಯುವ ಸಮೀಕ್ಷಕರ ಕೈಯಲ್ಲಿ, ಒಂದು ಸಿಂಪರಣಾ ಗಾಡಿಯ ಮೇಲೆ. ಪ್ರತಿ ಚಲಿಸುವ ಸಾಧನವು 6 ಗೂಟಗಳೊಂದಿಗೆ ಮಾತ್ರ ಅಳೆದರೆ ಒಂದು ಸುತ್ತಿಗೆ 12 ಸಂದೇಶಗಳು. ಸಮೀಕ್ಷಕರಿಗೆ ಸೆಕೆಂಡಿಗೆ ಒಂದು ಬಾರಿಯಂತೆ 36, ಗಾಡಿಗೆ ಸೆಕೆಂಡಿಗೆ ಐದು ಬಾರಿಯಂತೆ 60. ಒಟ್ಟು 96 ಸಂದೇಶಗಳು. ಆಕ್ರಮಿಸುವ ಕಾಲ 48 ಮಿಲಿಸೆಕೆಂಡ್, ಅಂದರೆ ಚಾನಲ್ಲಿನ ಶೇ. 5ಕ್ಕಿಂತ ಕಡಿಮೆ. 3,800 ಸಂದೇಶಗಳಿಂದ 96ಕ್ಕೆ ಇಳಿದರೂ ಯಾರಿಗೂ ಅಗತ್ಯವಾದ ಅಳತೆ ತಪ್ಪಲಿಲ್ಲ. ಇದರೊಂದಿಗೆ ಪ್ರತಿ ಸಾಧನಕ್ಕೆ ನಿಗದಿತ ಸರದಿಯನ್ನು ಕೊಟ್ಟರೆ ಘರ್ಷಣೆಯೂ ಇಲ್ಲ, ಉತ್ತರಕ್ಕಾಗಿ ಅನಿಶ್ಚಿತ ಕಾಯುವಿಕೆಯೂ ಇಲ್ಲ.

ಈಗಲೇ ಎದುರಾಗುವ ಸಮಸ್ಯೆ: ಡ್ರೋನ್ ಮತ್ತು ಆರ್‌ಟಿಕೆ ರೇಡಿಯೊ

18ನೇ ಆವೃತ್ತಿಯ ಸಾಧನಗಳು ತೋಟಕ್ಕೆ ಬರುವ ಮೊದಲೇ ಇದೇ ಬಗೆಯ ದಟ್ಟಣೆ ನಮ್ಮ ಗದ್ದೆಗಳಲ್ಲಿ ಕಾಣಿಸಿಕೊಳ್ಳಬಹುದು. ನಿಖರ ಹಾರಾಟಕ್ಕಾಗಿ ಕೆಲವು ಡ್ರೋನ್‌ಗಳಲ್ಲಿ ಆರ್‌ಟಿಕೆ ಎಂಬ ಉಪಗ್ರಹ ಆಧಾರಿತ ವಿಧಾನವನ್ನು ಬಳಸುತ್ತಾರೆ. ಬದುವಿನ ಮೇಲೆ ನಿಲ್ಲಿಸಿದ ಆಧಾರ ಕೇಂದ್ರವು ತಿದ್ದುಪಡಿ ಮಾಹಿತಿಯನ್ನು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ರೇಡಿಯೊ ಮೂಲಕ ನೇರವಾಗಿ ಡ್ರೋನಿಗೆ ಕಳುಹಿಸುತ್ತದೆ. ತಿದ್ದುಪಡಿ ಸರಿಯಾಗಿ ತಲುಪಿದರೆ ತಪ್ಪು ಸುಮಾರು 2 ಸೆಂ.ಮೀ. ಮಾತ್ರ, ಪರದೆಯಲ್ಲಿ ‘ಫಿಕ್ಸ್’ ಎಂದು ಕಾಣುತ್ತದೆ. ತಿದ್ದುಪಡಿ ತುಂಡಾದರೆ ‘ಫ್ಲೋಟ್’ ಆಗಿ ತಪ್ಪು ಹಲವು ಪಟ್ಟು ಹೆಚ್ಚುತ್ತದೆ; ಪೂರ್ಣವಾಗಿ ನಿಂತರೆ ಮೀಟರ್‌ಗಳ ತಪ್ಪಿನ ‘ಸಿಂಗಲ್’ ಸ್ಥಿತಿಗೆ ಇಳಿಯುತ್ತದೆ.

ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಯೊಂದರಲ್ಲಿ ಪ್ರಾತ್ಯಕ್ಷಿಕೆಯ ವೇಳೆ ಇಂತಹ ಸನ್ನಿವೇಶವನ್ನು ಕಂಡಿದ್ದೇನೆ. ಎರಡು ತಂಡಗಳು ಅಕ್ಕಪಕ್ಕದ ತಾಕುಗಳಲ್ಲಿ ತಮ್ಮ ತಮ್ಮ ಆಧಾರ ಕೇಂದ್ರಗಳನ್ನು ನಿಲ್ಲಿಸಿದ್ದವು. ಎರಡೂ ಒಂದೇ ಚಾನಲ್ಲಿನಲ್ಲಿದ್ದವು. ಬೆಳಿಗ್ಗೆಯಿಂದ ಸರಿಯಾಗಿದ್ದ ಉಪಕರಣಗಳು ಒಂದಾದ ಮೇಲೊಂದು ‘ಫ್ಲೋಟ್’ ತೋರಿಸಲಾರಂಭಿಸಿದವು. ಮೋಡವೇ ಕಾರಣವೆಂದು ಕೆಲವರು, ಬ್ಯಾಟರಿಯೆಂದು ಕೆಲವರು ಹೇಳಿದರು. ಪ್ರಸಾರ ಶಕ್ತಿಯನ್ನು ಒಬ್ಬರು ಹೆಚ್ಚಿಸಿದರು; ಇನ್ನೊಬ್ಬರೂ ಹೆಚ್ಚಿಸಿದರು; ಸ್ಥಿತಿ ಮತ್ತಷ್ಟು ಕೆಟ್ಟಿತು. ಕೊನೆಗೆ ಒಂದು ಆಧಾರ ಕೇಂದ್ರವನ್ನು ಆರಿಸಿ, ಎರಡೂ ತಂಡಗಳು ಉಳಿದ ಒಂದನ್ನೇ ಬಳಸಿದಾಗ ಎಲ್ಲವೂ ಸರಿಯಾಯಿತು. ಒಂದು ಆಧಾರ ಕೇಂದ್ರದ ಮಾತನ್ನು ಎಷ್ಟು ಉಪಕರಣಗಳು ಬೇಕಾದರೂ ಕೇಳಬಹುದು. ಕೇಳುವವರು ಹೆಚ್ಚಾದರೆ ದಟ್ಟಣೆ ಆಗುವುದಿಲ್ಲ, ಮಾತನಾಡುವವರು ಹೆಚ್ಚಾದರೆ ಆಗುತ್ತದೆ. ಅಂದು ಅರ್ಧ ದಿನ ಕಳೆದು ನಾವು ಕಲಿತ ಪಾಠ ಇಷ್ಟೇ.

ಕೇಂದ್ರ ಸರ್ಕಾರವು 2023ರ ನವೆಂಬರಿನಲ್ಲಿ ಅನುಮೋದಿಸಿದ ನಮೋ ಡ್ರೋನ್ ದೀದಿ ಯೋಜನೆಯು ದೇಶದಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಗುರಿ ಹೊಂದಿದೆ. ಒಂದೇ ಅಚ್ಚುಕಟ್ಟಿನಲ್ಲಿ ಒಂದೇ ವಾರ ಕೀಟಬಾಧೆ ಕಂಡಾಗ ಹಲವು ಡ್ರೋನ್‌ಗಳು ಒಟ್ಟಿಗೆ ಹಾರುವ ದಿನ ದೂರವಿಲ್ಲ. ಆಗ ಈ ಶಿಸ್ತು ಅನಿವಾರ್ಯ.

ಅನುಸರಿಸಬೇಕಾದ ಕ್ರಮಗಳು

1. ಕೆಲಸ ಆರಂಭಿಸುವ ಮೊದಲು ಸುತ್ತಲಿನ ಜಮೀನುಗಳಲ್ಲಿ ಬೇರೆ ತಂಡ ಕೆಲಸ ಮಾಡುತ್ತಿದೆಯೇ ಎಂದು ವಿಚಾರಿಸಿ, ಚಾನಲ್ ಸಂಖ್ಯೆ ಮತ್ತು ವೇಳೆಯನ್ನು ಪರಸ್ಪರ ಹಂಚಿಕೊಳ್ಳಬೇಕು.

2. ಒಂದು ಅಚ್ಚುಕಟ್ಟಿನಲ್ಲಿ ಸಾಧ್ಯವಾದಷ್ಟು ಒಂದೇ ಆಧಾರ ಕೇಂದ್ರವನ್ನು ಹಂಚಿಕೊಂಡು ಬಳಸಬೇಕು. ಎರಡು ಅನಿವಾರ್ಯವಾದರೆ ಬೇರೆ ಬೇರೆ ಚಾನಲ್ ಆರಿಸಿಕೊಳ್ಳಬೇಕು.

3. ಮೊಬೈಲ್ ಅಂತರ್ಜಾಲ ಚೆನ್ನಾಗಿರುವ ಕಡೆ ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಿರ ಆಧಾರ ಕೇಂದ್ರಗಳ ಜಾಲದಿಂದ ತಿದ್ದುಪಡಿಯನ್ನು ಪಡೆಯಬಹುದು. ಇದರಿಂದ ಸ್ಥಳೀಯ ರೇಡಿಯೊ ಚಾನಲ್ಲಿನ ಹೊರೆ ಇಳಿಯುತ್ತದೆ.

4. ಸಂಪರ್ಕ ದುರ್ಬಲವಾದೊಡನೆ ಪ್ರಸಾರ ಶಕ್ತಿಯನ್ನು ಹೆಚ್ಚಿಸಬಾರದು. ಮೊದಲು ಆಂಟೆನಾವನ್ನು ಎತ್ತರಿಸಿ ನೋಡಬೇಕು, ನಂತರ ಚಾನಲ್ ಬದಲಿಸಬೇಕು.

5. ತೇವಾಂಶ ಸಂವೇದಕಗಳಂತಹ ಸ್ಥಿರ ಸಾಧನಗಳು ದಿನಕ್ಕೆ ಕೆಲವು ಬಾರಿ ಮಾತ್ರ, ಅದೂ ಬೇರೆ ಬೇರೆ ನಿಮಿಷಗಳಲ್ಲಿ ಮಾಹಿತಿ ಕಳುಹಿಸುವಂತೆ ಹೊಂದಿಸಬೇಕು. ಎಲ್ಲವೂ ಸರಿಯಾಗಿ 6 ಗಂಟೆಗೇ ಕಳುಹಿಸುವಂತೆ ಹೊಂದಿಸಬಾರದು.

6. ಹಲವು ಡ್ರೋನ್‌ಗಳ ದೂರ ನಿಯಂತ್ರಕ, ವೈಫೈ ಮತ್ತು ಬ್ಲೂಟೂತ್ ಒಂದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿರುತ್ತವೆ. ಹಾರಾಟದ ವೇಳೆ ನಿಯಂತ್ರಕದ ಬಳಿ ಅನಗತ್ಯವಾದ ಮೊಬೈಲ್ ಹಾಟ್‌ಸ್ಪಾಟ್‌ಗಳನ್ನು ಆರಿಸಬೇಕು.

7. ಉಪಕರಣವು ಅಳತೆಯ ಗುಣಮಟ್ಟವನ್ನು ತೋರಿಸುವಂತಿದ್ದರೆ, ಅದು ಉತ್ತಮವಾಗಿದ್ದಾಗ ಮಾತ್ರ ಗುರುತು ದಾಖಲಿಸಬೇಕು. ರೋಗದ ಮರಗಳಿಗೆ ದಾಖಲೆಯ ಜೊತೆಗೆ ಕಾಂಡದ ಮೇಲೆ ಬಣ್ಣದ ಗುರುತನ್ನೂ ತಪ್ಪದೆ ಹಾಕಬೇಕು.

8. ದಿನದ ಆರಂಭ ಮತ್ತು ಅಂತ್ಯದಲ್ಲಿ ಸ್ಥಾನ ಗೊತ್ತಿರುವ ಒಂದು ಕಲ್ಲಿನ ಮೇಲೆ ಉಪಕರಣವನ್ನು ಇರಿಸಿ ಪರೀಕ್ಷಿಸಬೇಕು. ಎರಡು ಅಳತೆಗಳಲ್ಲಿ ವ್ಯತ್ಯಾಸ ಕಂಡರೆ ಆ ದಿನದ ದಾಖಲೆಗಳನ್ನು ಮರುಪರಿಶೀಲಿಸಬೇಕು.

ಎಚ್ಚರಿಕೆ

ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯು ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿ ಇಲ್ಲದೆ ಬಳಸಬಹುದಾದ ಪಟ್ಟಿಗಳಲ್ಲೊಂದು. ಅಧಿಕ ಶಕ್ತಿಯ ಕೆಲವು ಆರ್‌ಟಿಕೆ ರೇಡಿಯೊಗಳು ಇಂತಹ ಮುಕ್ತ ಪಟ್ಟಿಗಳ ಹೊರಗೆ ಕೆಲಸ ಮಾಡುತ್ತವೆ. ಅವುಗಳಿಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಪರವಾನಗಿ ಅಗತ್ಯ. ಖರೀದಿಸುವಾಗ ಮಾರಾಟಗಾರರಿಂದ ಅನುಮೋದನೆಯ ದಾಖಲೆಯನ್ನು ಕೇಳಿ ಪಡೆಯಬೇಕು.

ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಇರುವ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾಗಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಸುತ್ತ ಹಾರಾಟಕ್ಕೆ ನಿರ್ಬಂಧಗಳಿವೆ. ಆದ್ದರಿಂದ ಸುತ್ತಲಿನ ಗ್ರಾಮಗಳಲ್ಲಿ ಡ್ರೋನ್ ಬಳಸುವ ಮೊದಲು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ತಮ್ಮ ಜಮೀನು ಯಾವ ವಲಯದಲ್ಲಿದೆ ಎಂಬುದನ್ನು ಕಡ್ಡಾಯವಾಗಿ ಪರಿಶೀಲಿಸಬೇಕು.

ಸಮಾರೋಪ

ಜಲಾಶಯ 186 ಅಡಿ ತುಂಬಿದ ವರ್ಷದಲ್ಲಿಯೂ ಸರದಿ ತಪ್ಪಿದರೆ ನಾಲೆಯ ಕೊನೆಯ ಗದ್ದೆ ಒಣಗುತ್ತದೆ. ಹಾಗೆಯೇ, ಎಷ್ಟೇ ಬೆಲೆಯ ಉಪಕರಣವಾದರೂ ದಟ್ಟಣೆಯಿಂದ ತುಂಬಿದ ಚಾನಲ್ಲಿನಲ್ಲಿ ತಪ್ಪು ಸ್ಥಾನವನ್ನೇ ತೋರಿಸುತ್ತದೆ. ಅಗತ್ಯವಿದ್ದಷ್ಟೇ ಸಂಕೇತ, ಅಗತ್ಯವಿದ್ದವರಿಗೆ ಮೊದಲು, ತನ್ನ ಸರದಿಯಲ್ಲಿ ಮಾತ್ರ: ಈ ಮೂರು ನಿಯಮಗಳು ನೀರಿಗೂ ರೇಡಿಯೊಗೂ ಸಮಾನ. ನೀರಿನ ಚಾನಲ್ಲಿನ ಸರದಿಯನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ನಮ್ಮ ರೈತ ಬಾಂಧವರಿಗೆ ಗಾಳಿಯ ಚಾನಲ್ಲಿನ ಸರದಿ ಕಷ್ಟವಾಗಲಾರದು. ಹೊಸ ಉಪಕರಣ ಖರೀದಿಸುವ ಅಥವಾ ಬಾಡಿಗೆಗೆ ಪಡೆಯುವ ಮೊದಲು ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದ ತಜ್ಞರೊಂದಿಗೆ ಚರ್ಚಿಸುವುದು ಸೂಕ್ತ.